ತಡವಾದ ಮಾತು, ತಡವಾದ ಹೆಜ್ಜೆ: ಕೃಷ್ಣಾತೀರದ ಕೂಸುಗಳ ಮೊದಲ ಮೂರು ವರ್ಷ

ಕೂಸು ಹುಟ್ಟಿದ ಮನೆಯಲ್ಲಿ ತಿಂಗಳುಗಳ ಲೆಕ್ಕ ಬಹು ಜಾಗರೂಕತೆಯಿಂದ ನಡೆಯುತ್ತದೆ. ತೊಟ್ಟಿಲ ಕಾರ್ಯವಾಯಿತು, ದೇವಾಲಯದಲ್ಲಿ ಜ್ಞಾನಸ್ನಾನವಾಯಿತು. ಅನಂತರ ಓಣಿಯ ಹಿರಿಯ ಹೆಂಗಸರು ಬಂದಾಗಲೊಮ್ಮೆ ಕೇಳುವ ಪ್ರಶ್ನೆಗಳು ನಿಶ್ಚಿತ. ಕುತ್ತಿಗೆ ನಿಂತಿತೇ? ಬೋರಲು ಬಿದ್ದಿತೇ? ಕುಳಿತುಕೊಳ್ಳುತ್ತದೆಯೇ? ‘ಅವ್ವ’ ಎಂದಿತೇ? ಈ ಪ್ರಶ್ನೆಗಳಿಗೆ ‘ಇನ್ನೂ ಇಲ್ಲ’ ಎಂಬ ಉತ್ತರ ಎರಡು ಮೂರು ಬಾರಿ ಬಂದೊಡನೆ ಕೇಳಿದವರೇ ಸಮಾಧಾನ ಹೇಳತೊಡಗುತ್ತಾರೆ: “ಗಂಡು ಹುಡುಗರು ತಡಾ ಮಾಡೇ ಮಾತಾಡ್ತಾವು. ಇವರಪ್ಪನೂ ಮೂರು ವರ್ಷಕ್ಕ ಬಾಯಿ ಬಿಟ್ಟಿದ್ದ. ನೀ ಚಿಂತಿ ಮಾಡಬ್ಯಾಡವ್ವಾ.” ಪ್ರೀತಿಯಿಂದ ಹೇಳಿದ ಮಾತು, ಬಹಳ ಸಲ ನಿಜವೂ ಆಗುವ ಮಾತು. ಆದರೆ ಅದು ನಿಜವಾಗದ ಮನೆಗಳಲ್ಲಿ ಈ ಸಮಾಧಾನವೇ ಕೂಸಿನ ಅತ್ಯಮೂಲ್ಯವಾದ ಎರಡು ವರ್ಷಗಳನ್ನು ನುಂಗಿಬಿಡುತ್ತದೆ. ಈ ವಾರ ನಾವು ಬರೆಯಹೊರಟಿರುವುದು ಆ ಎರಡು ವರ್ಷಗಳ ಕುರಿತು.

ಬೆಳವಣಿಗೆಯ ನ್ಯೂನತೆ ಎಂಬ ಒಂದೇ ಮಾತಿನಲ್ಲಿ ಹಲವು ಸ್ಥಿತಿಗಳು ಅಡಗಿವೆ. ಕೈಕಾಲುಗಳ ಹಿಡಿತವನ್ನು ಕೆಡಿಸುವ, ಮೆದುಳಿನ ಪಾರ್ಶ್ವವಾಯು ಎನ್ನಲಾಗುವ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಹುಟ್ಟುಕಿವುಡು, ದೃಷ್ಟಿದೋಷ, ಮೂರ್ಛೆರೋಗ, ಶಾಲೆಗೆ ಹೋದ ಮೇಲೆ ಕಾಣುವ ಕಲಿಕೆಯ ತೊಡಕು. ಇವು ಅಪರೂಪದ ಸಂಗತಿಗಳೆಂಬ ಭಾವನೆ ನಮ್ಮಲ್ಲಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 2016ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 5 ಕೋಟಿ 29 ಲಕ್ಷ ಮಕ್ಕಳಿಗೆ ಇಂಥ ಯಾವುದಾದರೊಂದು ನ್ಯೂನತೆಯಿತ್ತೆಂದೂ ಅವರಲ್ಲಿ ಶೇಕಡಾ 95ರಷ್ಟು ಮಕ್ಕಳು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿದ್ದರೆಂದೂ ಅಂತರರಾಷ್ಟ್ರೀಯ ತಜ್ಞರ ಗಣನೆ. ನಮ್ಮ ದೇಶದಲ್ಲಿ ನೆರೆಯ ಉತ್ತರ ಗೋವಾ ಸೇರಿದಂತೆ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡರಿಂದ ಆರು ವರ್ಷದೊಳಗಿನವರಲ್ಲಿ ಶೇಕಡಾ 9.2, ಆರರಿಂದ ಒಂಬತ್ತು ವರ್ಷದವರಲ್ಲಿ ಶೇಕಡಾ 13.6 ಮಕ್ಕಳಿಗೆ ಇಂಥ ತೊಂದರೆಯಿರಬಹುದೆಂದು ಅಂದಾಜು ಮಾಡಿತು. ಎಂದರೆ ಸುಮಾರು ಹತ್ತಕ್ಕೊಂದು ಮಗು. ರವಿವಾರದ ಬಲಿಪೂಜೆಗೆ ಬರುವ ಮಕ್ಕಳನ್ನು ಎಣಿಸಿ ನೋಡಿದರೆ ಆ ಹತ್ತನೆಯ ಮಗು ಅಲ್ಲಿ ಕಾಣುವುದಿಲ್ಲ. ಅದು ಮನೆಯಲ್ಲಿ ಅಜ್ಜಿಯ ಬಳಿ ಉಳಿದಿರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನು ‘ಬಡ ನಾಡು’ ಎನ್ನಲು ಯಾರಿಗೂ ಮನಸ್ಸಾಗದು. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಇವೆಲ್ಲ ದೂರದೂರಕ್ಕೆ ಹೆಸರಾದವು. ಆದರೆ ಬೆಳವಣಿಗೆ ಕುಂಠಿತವಾದ ಮಗುವಿನ ಮಟ್ಟಿಗೆ ಸಂಪನ್ಮೂಲವೆಂದರೆ ಸಕ್ಕರೆಯಲ್ಲ. ಮಕ್ಕಳ ನರರೋಗ ತಜ್ಞರು, ಫಿಜಿಯೋಥೆರಪಿ ಮಾಡಿಸುವವರು, ಮಾತು ಕಲಿಸುವವರು. ಅಂಥವರು ಇರುವುದು ನಗರಗಳಲ್ಲಿ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆದ್ದರಿಂದಲೇ ಅಥಣಿ, ಕಾಗವಾಡದವರು ಕಾಯಿಲೆಯೆಂದೊಡನೆ ಮಿರಜ, ಸಾಂಗಲಿಗಳ ಕಡೆ ಮುಖ ಮಾಡುತ್ತಾರೆ, 1894ರಲ್ಲಿ ಡಾ. ವಾನ್ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಬಂದ ರೂಢಿಯಿದು. ನಿಪ್ಪಾಣಿಯವರಿಗೆ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರವೇ ಹತ್ತಿರ. ಹೋಗುವುದರಲ್ಲಿ ತಪ್ಪೇನೂ ಇಲ್ಲ. ಕೇವಲ ಒಂದು ತೊಡಕಿದೆ: ಚಿಕಿತ್ಸೆಯ ಕಾಗದಗಳು ಮರಾಠಿಯಲ್ಲಿ ಗಡಿಯಾಚೆ ಉಳಿಯುತ್ತವೆ, ಅಂಗನವಾಡಿಯ ದಾಖಲೆ ಕನ್ನಡದಲ್ಲಿ ಗಡಿಯೀಚೆ ಉಳಿಯುತ್ತದೆ. ಮಗುವಿನ ಪೂರ್ಣ ವೃತ್ತಾಂತ ಬಲ್ಲವಳು ತಾಯಿಯೊಬ್ಬಳೇ.

ಇಷ್ಟಾಗಿಯೂ, ಮೊದಲ ಗುರುತು ಹಚ್ಚಲು ತಜ್ಞರೇ ಬೇಕೆಂದಿಲ್ಲ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ರೂಪಿಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷಾ ಪಟ್ಟಿಯಲ್ಲಿ ಇರುವುದು ಕೇವಲ 17 ಅಂಶಗಳು. ಅದನ್ನು ನಡೆಸಲು ಬೇಕಾದ ಸಾಮಗ್ರಿ ಒಂದು ಪೆನ್ನು, ಒಂದು ಬೀಗದ ಕೈ ಗೊಂಚಲು. ಎರಡು ವರ್ಷದವರೆಗಿನ ಮಗುವಿನಲ್ಲಿ ಯಾವ ಶಕ್ತಿ ಯಾವ ತಿಂಗಳೊಳಗೆ ಬರಬೇಕೆಂಬುದು ಅದರಲ್ಲಿದೆ. ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡಿನಲ್ಲಿಯೂ ಇಂಥ ಚಿತ್ರಗಳಿವೆ. ಚುಚ್ಚುಮದ್ದಿನ ದಿನಾಂಕ ನೋಡಿದ ಮೇಲೆ ಆ ಪುಟವನ್ನು ತಿರುವಿ ನೋಡುವವರು ಎಷ್ಟು ಮಂದಿ?

ಕೆಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಮೂರು ತಿಂಗಳಾದರೂ ತಾಯಿಯ ಮುಖ ನೋಡಿ ನಗದ ಕೂಸು. ಐದು ತಿಂಗಳಾದರೂ ಕುತ್ತಿಗೆ ನಿಲ್ಲದ ಕೂಸು. ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕುಳ್ಳಿರದ, ಒಂದೂವರೆ ವರ್ಷ ಕಳೆದರೂ ನಡೆಯದ ಕೂಸು. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಬೇಕಾದುದನ್ನು ಬೆರಳಿನಿಂದ ತೋರಿಸದ ಕೂಸು. ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಮಾತನಾಡದ ಕೂಸು. ಇವುಗಳಲ್ಲಿ ಒಂದು ಕಂಡರೂ ‘ನೋಡೋಣ’ ಎನ್ನಬಾರದು. ಮುಷ್ಟಿ ಬಿಡಿಸದಿರುವುದು, ಎತ್ತಿ ಹಿಡಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುವುದು, ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸುವುದು ಸಹ ಸೂಚನೆಗಳೇ. “ಏನು ಜಾಣ, ಈಗಲೇ ಎಡಚ!” ಎಂದು ಹಿಗ್ಗುವಲ್ಲಿ ಬಲಗೈಯ ಬಲಹೀನತೆ ಮರೆಯಾಗಿರಬಹುದು. ಇನ್ನು, ಬಂದಿದ್ದ ಮಾತೋ ನಡೆಯೋ ಯಾವ ವಯಸ್ಸಿನಲ್ಲಾದರೂ ಮರಳಿ ಹೋಗತೊಡಗಿದರೆ ಆ ವಾರವೇ ವೈದ್ಯರಲ್ಲಿಗೆ ಹೋಗಬೇಕು. ಎರಡು ತಿಂಗಳು ಮುಂಚಿತವಾಗಿ ಹುಟ್ಟಿದ ಮಗುವಿಗೆ ಮಾತ್ರ ಆ ಎರಡು ತಿಂಗಳನ್ನು ವಯಸ್ಸಿನಿಂದ ಕಳೆದು ಎಣಿಸುವುದು ನ್ಯಾಯ.

ಎರಡು ಸ್ಥಿತಿಗಳನ್ನು ಕುರಿತು ತುಸು ಹೆಚ್ಚು ಹೇಳಲೇಬೇಕು, ಏಕೆಂದರೆ ಇವು ನೋಡುವವರ ಕಣ್ಣಿಗೆ ಮಣ್ಣೆರಚುತ್ತವೆ. ಮೊದಲನೆಯದು ಕಿವುಡು. ಹುಟ್ಟುಕಿವುಡಿನ ಕೂಸು ಕೂಡ ಮೊದಲ ಆರು ತಿಂಗಳು ಇತರ ಕೂಸುಗಳಂತೆಯೇ ಊಂ, ಆಂ ಎನ್ನುತ್ತದೆ. ಮನೆಯವರು ಹಿಂದೆ ನಿಂತು ತಾಟು ಬಡಿದು ನೋಡುತ್ತಾರೆ. ನೆಲದ ಕಂಪನಕ್ಕೋ, ಗಾಳಿಯ ಬೀಸಿಗೋ, ಎದುರಿಗಿದ್ದವರ ಮುಖ ನೋಡಿಯೋ ಕೂಸು ತಿರುಗುತ್ತದೆ. ‘ಕಿವಿ ಚಲೋ ಐತಿ’ ಎಂಬ ತೀರ್ಮಾನವಾಗಿಬಿಡುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ಯಂತ್ರದಿಂದ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಇಲ್ಲವೇ ಸೂಕ್ತ ಚಿಕಿತ್ಸೆ, ಇದು ಪ್ರಪಂಚದಾದ್ಯಂತ ಒಪ್ಪಿತವಾದ ಕ್ರಮ. ಕೂಸು ಅಲುಗದೆ ಮಲಗಿದ್ದರೆ ಈ ತಪಾಸಣೆ ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇರುವುದು ನಮ್ಮ ಭಾಗ್ಯ. ಆದರೂ ಮೂರು ವರ್ಷ ದಾಟಿದ ಮೇಲೆ ‘ಮಾತು ಬರಲಿಲ್ಲ’ ಎಂದು ಕಿವಿ ತೋರಿಸಲು ಹೋಗುವವರು ಇನ್ನೂ ಇದ್ದಾರೆ.

ಎರಡನೆಯದು, ಕೂಸುಗಳಲ್ಲಿ ಕಾಣುವ ಒಂದು ಬಗೆಯ ಫಿಟ್ಸ್. ಮೂರು ತಿಂಗಳಿಂದ ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದೊಡನೆ ತಲೆಯನ್ನು ಮುಂದಕ್ಕೆ ಬಾಗಿಸಿ, ಕೈಗಳನ್ನು ಚಾಚಿ, ನಮಸ್ಕರಿಸಿದಂತೆ ಮಾಡುತ್ತದೆ. ಕ್ಷಣ ಬಿಟ್ಟು ಮತ್ತೆ, ಮತ್ತೆ, ಹತ್ತಾರು ಬಾರಿ. ಹೊಟ್ಟೆನೋವು, ಬೆಚ್ಚಿ ಬಿದ್ದಿದೆ, ದೃಷ್ಟಿಯಾಗಿದೆ ಎಂದು ಅರ್ಥ ಮಾಡುತ್ತಾರೆ. ಇದು ಮೆದುಳಿಗೆ ಪ್ರತಿದಿನ ಪೆಟ್ಟು ಕೊಡುವ ಗಂಭೀರ ಕಾಯಿಲೆ. ಚಿಕಿತ್ಸೆಗೆ ವಾರಗಳ ವಿಳಂಬವೂ ದುಬಾರಿ. ಕೈಯಲ್ಲಿ ಮೊಬೈಲ್ ಇರುವವರು ಅದರಿಂದ ಆಗಬಹುದಾದ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಮಾಡಬಹುದು: ಆ ದೃಶ್ಯವನ್ನು ಚಿತ್ರೀಕರಿಸಿಕೊಂಡು ವೈದ್ಯರಿಗೆ ತೋರಿಸುವುದು.

ಗಡಿಭಾಗದ ಮನೆಗಳಲ್ಲಿ ಮತ್ತೊಂದು ತಪ್ಪು ಸಮಾಧಾನವೂ ಉಂಟು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕೆಲವು ನಮ್ಮ ಮನೆಗಳಲ್ಲಿ ಮೇಲಾಗಿ ಕೊಂಕಣಿ. ಇಷ್ಟು ಭಾಷೆಗಳಿರುವಾಗ ಮಗು ಗೊಂದಲಗೊಂಡು ಸುಮ್ಮನಿದೆ ಎನ್ನುವುದು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ನ್ಯೂನತೆ ಉಂಟಾಗದೆಂಬುದು ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಎರಡು ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಿದರೂ ವಯಸ್ಸಿಗೆ ತಕ್ಕಷ್ಟು ಆಗದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಮಾತು ತಡವಾದ ಮಗುವಿಗೆ ಅಜ್ಜಿಯ ಭಾಷೆಯನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಿಸಿರೆಂದು ಸಲಹೆ ನೀಡುವವರಿಗೆ ಕಿವಿಗೊಡದಿರುವುದು ಲೇಸು. ಅಜ್ಜಿಗಿಂತ ಹೆಚ್ಚು ಮಾತನಾಡುವವರು ಆ ಮನೆಯಲ್ಲಿ ಬೇರೆ ಯಾರಿದ್ದಾರೆ?

ಕಾರಣವೇನೆಂಬ ಪ್ರಶ್ನೆ ಪ್ರತಿ ಮನೆಯನ್ನೂ ಸುಡುತ್ತದೆ. ಹುಟ್ಟುಕುರುಡನನ್ನು ಕಂಡು ‘ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ’ ಎಂದು ಶಿಷ್ಯರು ಕೇಳಿದ ಪ್ರಶ್ನೆ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ; ಪ್ರಭು ಎರಡನ್ನೂ ಅಲ್ಲಗಳೆದರು. ನಮ್ಮ ಓಣಿಗಳಲ್ಲಿ ಮಾತ್ರ ಆ ಪ್ರಶ್ನೆ ಇನ್ನೂ ಜೀವಂತವಾಗಿದೆ, ಮತ್ತು ಅದರ ಭಾರವೆಲ್ಲ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಎಷ್ಟೋ ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ. ತಿಳಿಯುವ ಕಾರಣಗಳಲ್ಲಿ ಹಲವು ತಪ್ಪಿಸಬಹುದಾದವು. ಹುಟ್ಟಿದೊಡನೆ ಅಳದೆ ಉಸಿರುಕಟ್ಟಿದ ಕೂಸು, ದಿನ ತುಂಬದೆ ಹುಟ್ಟಿದ ಕೂಸು, ಕಾಮಾಲೆ ತೀವ್ರವಾದ ಕೂಸು, ಇವರು ಅಪಾಯದ ಅಂಚಿನಲ್ಲಿರುವವರು. ಅಂಗಾಲು ಅಂಗೈಗಳವರೆಗೂ ಹಳದಿಯಾದ ಕೂಸನ್ನು ಎಳೆಬಿಸಿಲಿನಲ್ಲಿ ಮಲಗಿಸಿ ಕಾಯುವುದು, ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಈ ಕಾಲದಲ್ಲಿಯೂ ಕಿವಿಗೆ ಬೀಳುವ ಸಂಗತಿಗಳು. ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಯಿಂದ ಗುಣವಾಗುವ ಕಾಮಾಲೆಯೇ ಅಲಕ್ಷ್ಯಕ್ಕೊಳಗಾದರೆ ಕಿವಿ ಮತ್ತು ಕೈಕಾಲುಗಳನ್ನು ಶಾಶ್ವತವಾಗಿ ಕಸಿದುಕೊಳ್ಳುತ್ತದೆ. ಥೈರಾಯ್ಡ್ ಕೊರತೆಯನ್ನು ಹುಟ್ಟಿದ ಮೊದಲ ವಾರದಲ್ಲಿ ಹಿಮ್ಮಡಿಯ ಒಂದೆರಡು ಹನಿ ರಕ್ತದಿಂದ ಪತ್ತೆ ಹಚ್ಚಬಹುದು. ಅಗ್ಗದ ಗುಳಿಗೆಯೊಂದು ಬುದ್ಧಿಮಾಂದ್ಯವನ್ನು ತಡೆಯುತ್ತದೆ. ಹೆರಿಗೆಯ ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ದಿನ ತುಂಬದ ಕೂಸುಗಳ ಕಣ್ಣಿನ ಮಾತೂ ಹೀಗೆಯೇ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು ಮೊದಲ ತಿಂಗಳೊಳಗೆ ಪರೀಕ್ಷಿಸದಿದ್ದರೆ ದೃಷ್ಟಿಯೇ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ದೂರದ ಊರುಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ಕಳುಹಿಸುತ್ತಾರೆ. ತಜ್ಞರು ಬರಲಾಗದ ಕಡೆಗೆ ಅವರ ಕಣ್ಣನ್ನು ತಲುಪಿಸುವ ಈ ಉಪಾಯ ಕರ್ನಾಟಕದಲ್ಲಿಯೇ ರೂಪುಗೊಂಡದ್ದು.

ಗರ್ಭಿಣಿಯರ ವಿಷಯದಲ್ಲಿ ಎರಡು ಮಾತು ನಮ್ಮ ಸೀಮೆಗೇ ಸಂಬಂಧಿಸಿದವು. ತಂಬಾಕನ್ನು ಹುರಿದು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಚಟ ಗಡಿಭಾಗದ ಹೆಂಗಸರಲ್ಲಿದೆ. ಅದು ಸಿಗರೇಟಿನಂತೆಯೇ ತಂಬಾಕು; ಗರ್ಭದ ಕೂಸಿನ ತೂಕವನ್ನು ತಗ್ಗಿಸುತ್ತದೆ. ಇನ್ನು, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧಿಗಳೊಳಗೇ ನಡೆಯುತ್ತವೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಧರ್ಮಸಭೆಯ ಕಾನೂನು ಇಂಥ ವಿವಾಹಕ್ಕೆ ಅಡ್ಡಿಯೊಡ್ಡುತ್ತದೆ, ವಿನಾಯಿತಿಯಿಲ್ಲದೆ ಅದು ಸಿಂಧುವಾಗದು. ಆದರೂ ಆ ವಿನಾಯಿತಿಯನ್ನು ಬರಿಯ ಕಾಗದದ ಶಾಸ್ತ್ರವೆಂದು ತಿಳಿಯುವ ಕುಟುಂಬಗಳಿವೆ. ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ ಆಗಿರುತ್ತಾರೆ. ಹುಟ್ಟುದೋಷದ ಸಂಭವ ಮಾತ್ರ ಸುಮಾರು ಇಮ್ಮಡಿ. ಮನೆತನದಲ್ಲಿ ಈಗಾಗಲೇ ಇಂಥ ಮಗುವಿದ್ದಲ್ಲಿ ಹಿರಿಯರು ಹೊಲ ಒಡೆಯದಿರಲೆಂಬ ಲೆಕ್ಕಾಚಾರವನ್ನು ಬಿಡುವುದು ಒಳಿತೆಂದು ನಾವು ನೇರವಾಗಿ ಹೇಳಬಯಸುತ್ತೇವೆ.

ಗುರುತಿಸಿದ ಮೇಲೆ ಮಾಡುವುದೇನು? ತಜ್ಞರು ನೂರು ಕಿಲೋಮೀಟರ್ ದೂರದಲ್ಲಿರುವಾಗ ಬೇಗ ಗುರುತಿಸಿಯಾದರೂ ಏನು ಫಲ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು ಅಮೇರಿಕೆಯಿಂದ ತರಬೇಕಾಗಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳೇ ಕೊಟ್ಟಿವೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು, ಪಾಕಿಸ್ತಾನ ಮತ್ತು ಜಾಂಬಿಯಾ ದೇಶಗಳ ಹಾಗೂ ಅಮೇರಿಕೆಯ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಸೇರಿ, 2007 ಮತ್ತು 2008ರಲ್ಲಿ ಗ್ರಾಮೀಣ ಪ್ರದೇಶದಲ್ಲಿ ಜನಿಸಿದ ನಾನೂರಷ್ಟು ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದರು. ಅವರಲ್ಲಿ ಕೆಲವರು ಹುಟ್ಟಿದಾಗ ಉಸಿರುಕಟ್ಟಿ ಬದುಕುಳಿದವರು, ಉಳಿದವರು ಸಹಜವಾಗಿ ಹುಟ್ಟಿದವರು. ತರಬೇತಾದ ಕಾರ್ಯಕರ್ತೆಯೊಬ್ಬಳು ಎರಡು ವಾರಕ್ಕೊಮ್ಮೆ ಮನೆಗೆ ಬಂದು ಆ ವಯಸ್ಸಿಗೆ ತಕ್ಕ ಆಟವೊಂದನ್ನು ತಾಯಿಗೆ ಕಲಿಸುವಳು. ತಾಯಿ ದಿನವೂ ಸ್ವಲ್ಪ ಹೊತ್ತು ಅದನ್ನು ಮಗುವಿನೊಡನೆ ಆಡುವಳು. ಇಷ್ಟೇ ಚಿಕಿತ್ಸೆ. ಮತ್ತೊಂದು ಗುಂಪಿನ ಮನೆಗಳಿಗೂ ಕಾರ್ಯಕರ್ತೆಯರು ಹೋಗುತ್ತಿದ್ದರು, ಆದರೆ ಆರೋಗ್ಯ, ಸ್ವಚ್ಛತೆಗಳ ತಿಳಿವಳಿಕೆ ಮಾತ್ರ ನೀಡುತ್ತಿದ್ದರು. ಮೂರನೆಯ ವರ್ಷದ ಪರೀಕ್ಷೆಯಲ್ಲಿ ಆಟ ಕಲಿತ ಮನೆಗಳ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲಿ ಮುಂದಿದ್ದರು. ಉಸಿರುಕಟ್ಟಿ ಹುಟ್ಟಿದ ಮಕ್ಕಳಿಗೂ ಇದರ ಲಾಭ ದೊರೆಯಿತು.

ಫಲಿತಾಂಶಗಳು 2013, 2014ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಹುಟ್ಟಿದಾಗಲೇ ಮೆದುಳಿಗೆ ತೀವ್ರ ಹಾನಿಯಾದ ಮಕ್ಕಳನ್ನು ಈ ಅಧ್ಯಯನದಲ್ಲಿ ಸೇರಿಸಿರಲಿಲ್ಲವೆಂಬುದನ್ನು ಮರೆಮಾಚದೆ ಹೇಳಬೇಕು. ಪವಾಡದ ಭರವಸೆ ಇಲ್ಲಿಲ್ಲ. ಆದರೆ ಓದು ಬಾರದ ತಾಯಿಯೂ, ಸಗಣಿ ಸಾರಿಸಿದ ಪಡಸಾಲೆಯೂ ಸಾಕೆಂಬುದು ಇದರಿಂದ ತಿಳಿಯುತ್ತದೆ. 1980ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಕುಂಠಿತ ಮಕ್ಕಳ ಮನೆಗೆ ವಾರಕ್ಕೊಮ್ಮೆ ಹೋಗಿ, ಮನೆಯಲ್ಲಿಯೇ ಮಾಡಿದ ಆಟಿಕೆಗಳಿಂದ ಎರಡು ವರ್ಷ ಆಡಿಸಿದ ಪ್ರಯೋಗದಲ್ಲಿ, ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಇತರರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಹೊಲ, ಮನೆ, ದನಕರು ಎಂದು ಎಲ್ಲದರಲ್ಲಿಯೂ ಲಾಭ ನಷ್ಟ ನೋಡುವ ಗಂಡಸರಿಗೆ ಹೇಳಲು ಯೋಗ್ಯವಾದ ಅಂಕಿ.

ಮನೆಯ ಸಾಮಾನಿನಿಂದಲೇ ಆಗುವ ಕೆಲಸ ಬಹಳ. ಕೌದಿಯನ್ನು ಸುರುಳಿ ಸುತ್ತಿ ಎದೆಯಡಿ ಇಟ್ಟು ಬೋರಲು ಮಲಗಿಸಿದರೆ ಕುತ್ತಿಗೆ ಎತ್ತುವ ಅಭ್ಯಾಸವಾಗುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಎರಡೂ ಪಕ್ಕಕ್ಕೆ ಕೌದಿಯ ಆಸರೆ ಕೊಟ್ಟು ಕೂರಿಸಿದರೆ ಬೀಳುವ ಮಗುವೂ ಕುಳಿತು ಮನೆಮಂದಿಯ ಮುಖ ನೋಡುತ್ತದೆ. ಸದಾ ಮಲಗಿದ ಮಗುವಿಗೆ ಕಾಣುವುದು ಮಾಳಿಗೆಯ ತೊಲೆಗಳು ಮಾತ್ರ. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿನ ಗಾಯ ಹೆಚ್ಚುವುದಿಲ್ಲ, ಆದರೆ ಆಡಿಸದ ಕೀಲುಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತವೆ. ಆದ್ದರಿಂದ ದಿನನಿತ್ಯದ ವ್ಯಾಯಾಮ ತಪ್ಪಬಾರದು. ಉಣಿಸುವ ಬಗೆ ಎಲ್ಲಕ್ಕಿಂತ ಮುಖ್ಯ. ತೊಡೆಯ ಮೇಲೆ ಅಂಗಾತ ಮಲಗಿಸಿ ಗಂಜಿ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಇಂಥ ಮಕ್ಕಳಲ್ಲಿ ಅನೇಕರು ತೀರಿಕೊಳ್ಳುವುದು ಮೂಲ ನ್ಯೂನತೆಯಿಂದಲ್ಲ, ಈ ಕಫದಿಂದ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ, ಸಣ್ಣ ಚಮಚೆಯಿಂದ, ನುಂಗಿದ್ದನ್ನು ನೋಡಿ ಮುಂದಿನ ತುತ್ತು. ಹೊತ್ತು ಹಿಡಿಯುತ್ತದೆ, ನಿಜ. ಜಿಂಬಾಬ್ವೆ ದೇಶದಲ್ಲಿ ಹಳೆಯ ಕಾಗದ, ರಟ್ಟು, ಹಿಟ್ಟಿನ ಅಂಟುಗಳಿಂದಲೇ ಗಟ್ಟಿಮುಟ್ಟಾದ ಕುರ್ಚಿಗಳನ್ನು ಇಂಥ ಮಕ್ಕಳ ಅಳತೆಗೆ ತಕ್ಕಂತೆ ಮಾಡುವ ಕಲೆಯೊಂದು ಬೆಳೆಯಿತು. ಈ ಪತ್ರಿಕೆಯ ಹಳೆಯ ಸಂಚಿಕೆಗಳಿಗೂ ಅಂಥ ಸದ್ಗತಿ ದೊರೆತರೆ ನಮಗೆ ಸಂತೋಷವೇ.

ಪವಾಡ ಮಾರುವವರಿಂದ ದೂರವಿರಬೇಕು. ಬುದ್ಧಿ ಬೆಳೆಸುವ ಟಾನಿಕ್ಕುಗಳಿಂದ ಹಿಡಿದು ಲಕ್ಷಾಂತರ ರೂಪಾಯಿಯ ಕಾಂಡಕೋಶ ಚಿಕಿತ್ಸೆಯವರೆಗೆ ಜಾಹೀರಾತುಗಳು ಹೇರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸೆರೆಬ್ರಲ್ ಪಾಲ್ಸಿಗಾಗಲಿ ಆಟಿಸಂಗಾಗಲಿ ಕಾಂಡಕೋಶವನ್ನು ಸಿದ್ಧ ಚಿಕಿತ್ಸೆಯೆಂದು ಒಪ್ಪಿಲ್ಲ. ಅದಕ್ಕಾಗಿ ಎಕರೆ ಮಾರಿದವರ ಕಥೆ ಕೇಳಿ ನಾವು ವ್ಯಥೆಪಟ್ಟಿದ್ದೇವೆ. ಫಿಟ್ಸ್ ಬಂದಾಗ ಚಪ್ಪಲಿ ಮೂಸಿಸುವುದು, ಕೈಯಲ್ಲಿ ಕಬ್ಬಿಣ ಹಿಡಿಸುವುದು ಖರ್ಚಿಲ್ಲದ ಮೌಢ್ಯ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ.

ಸರ್ಕಾರದ ಏರ್ಪಾಡು ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಮನೆಗೆ ಆರು ವಾರದೊಳಗೆ ಹಲವು ಬಾರಿ, ಮೂರನೆಯ ತಿಂಗಳಿಂದ ಹದಿನೈದನೆಯ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಬರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ, ಒಮ್ಮೆ ಶಾಲೆಗೆ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಬೇಕು. ಸಂಶಯ ಬಂದವರನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು. ನಮ್ಮವರು ಈ ಬಗ್ಗೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ರಾಯಬಾಗ, ಕುಡಚಿ, ಉಗಾರದ ಕಡೆಯವರಿಗೆ ಮಿರಜ–ಬೆಳಗಾವಿ ರೈಲುಮಾರ್ಗದ ಅನುಕೂಲವಿದೆ. ಚಿಕ್ಕೋಡಿ, ಅಥಣಿಯವರಿಗೆ ಬಸ್ಸೇ ಗತಿ. ಕಳುಹಿಸುವ ಚೀಟಿ ಬರೆದ ದಿನಕ್ಕೂ ಮಗು ಕೇಂದ್ರ ಸೇರುವ ದಿನಕ್ಕೂ ನಡುವೆಯೇ ಸರಪಳಿ ಕಡಿಯುತ್ತದೆ. ತಂದೆಗೆ ಕೂಲಿ ತಪ್ಪುತ್ತದೆ, ತಾಯಿ ಒಬ್ಬಳೇ ಹೋಗಲು ಅಂಜುತ್ತಾಳೆ, ಕಬ್ಬು ಕಡಿಯುವ ಹಂಗಾಮು ಬರುತ್ತದೆ. ಕಾರ್ಖಾನೆಗಳ ಸುತ್ತ ಗುಡಿಸಲು ಹಾಕುವ ಹೊರಗಿನ ಕಬ್ಬಿನ ಗ್ಯಾಂಗುಗಳ ಮಕ್ಕಳಂತೂ ಯಾವ ಅಂಗನವಾಡಿಯ ಪಟ್ಟಿಯಲ್ಲಿಯೂ ಉಳಿಯುವುದಿಲ್ಲ.

ಧರ್ಮಕೇಂದ್ರಗಳು ನೆರವಾಗಬಹುದಾದ ಜಾಗ ಇದೇ ಎಂಬುದು ನಮ್ಮ ಅಭಿಪ್ರಾಯ. ಈ ತಾಲ್ಲೂಕುಗಳಲ್ಲಿ ನಮ್ಮವರ ಸಂಖ್ಯೆ ಅಲ್ಪ. ಹೊಸ ಸಂಸ್ಥೆ ಕಟ್ಟುವ ಶಕ್ತಿ ಎಲ್ಲರಿಗಿಲ್ಲ. ತಾಯಿಯೊಡನೆ ಬೆಳಗಾವಿಗೆ ಹೋಗಿಬರಲು ಒಬ್ಬ ಜೊತೆಗಾತಿ, ಬಸ್ಸಿನ ಖರ್ಚಿಗೆ ಸಂತ ವಿನ್ಸೆಂಟ್ ದೆ ಪೌಲರ ಸಭೆಯಂಥವುಗಳಿಂದ ಅಲ್ಪ ನೆರವು, ಮನೆಮನೆಗೆ ಹೋಗುವ ಧರ್ಮಭಗಿನಿಯರ ಕೈಚೀಲದಲ್ಲಿ ಒಂದು ಬೀಗದ ಕೈ ಗೊಂಚಲು ಮತ್ತು ಆ ಪರೀಕ್ಷಾ ಪಟ್ಟಿ, ಇಷ್ಟಕ್ಕೆ ದೊಡ್ಡ ಬಂಡವಾಳ ಬೇಡ. ಪ್ರತಿ ಗ್ರಾಮ ಪಂಚಾಯಿತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು ಇರಬೇಕೆಂಬುದು ನಮ್ಮ ರಾಜ್ಯದ ವ್ಯವಸ್ಥೆ. ಅವರೂ ಸಾಮಾನ್ಯವಾಗಿ ವಿಕಲಚೇತನರೇ. ಅವರ ಹೆಸರನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ.

ಅವರ ಮೂಲಕ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಮಿರಜ, ಕೊಲ್ಹಾಪುರಗಳ ಖಾಸಗಿ ಆಸ್ಪತ್ರೆಯ ದಪ್ಪ ಫೈಲು ಎಷ್ಟೇ ವಿವರವಾಗಿರಲಿ, ಅದು ಪ್ರಮಾಣಪತ್ರವಲ್ಲ; ಸರ್ಕಾರಿ ವೈದ್ಯಕೀಯ ಪ್ರಾಧಿಕಾರವೇ ಪರೀಕ್ಷಿಸಿ ಕೊಡಬೇಕು. ಫೈಲನ್ನು ಮಾತ್ರ ಜೊತೆಗೆ ಒಯ್ಯಬೇಕು, ಪರೀಕ್ಷಿಸುವವರಿಗೆ ಅದು ದಾರಿ ತೋರಿಸುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿದ್ದರೆ ಮಾಸಾಶನ ಮೊದಲಾದ ಸೌಲಭ್ಯಗಳಿಗೆ ಇದೇ ಆಧಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಆರರಿಂದ ಹದಿನೆಂಟು ವರ್ಷದವರೆಗೆ ಇಂಥ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಶಾಲೆಗೆ ಬರಲಾಗದವರಿಗೆ ಮನೆಯಲ್ಲಿಯೇ ಕಲಿಸುವ ಏರ್ಪಾಡು ಶಿಕ್ಷಣ ಇಲಾಖೆಯಲ್ಲಿದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯವರು ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಕೇಳಬೇಕು.

ನಮ್ಮ ಶಾಲೆಗಳ ವಿಷಯ ಬಂದಾಗ ಲೇಖನಿ ತಡವರಿಸುತ್ತದೆ. ಶೇಕಡಾ ನೂರು ಫಲಿತಾಂಶದ ಫಲಕ ಹಾಕುವ ಹಂಬಲದಲ್ಲಿ ನಿಧಾನಗತಿಯ ಮಗುವನ್ನು ಎಂಟನೆಯ ಇಯತ್ತೆಯಲ್ಲಿಯೇ ಬೇರೆ ಕಡೆಗೆ ಕಳುಹಿಸುವ ಚಾಳಿ ಸರ್ಕಾರಿ ಶಾಲೆಗಳಿಗಿಂತ ಖಾಸಗಿಯವರಲ್ಲಿ ಹೆಚ್ಚು, ಮತ್ತು ಕ್ರೈಸ್ತ ಸಂಸ್ಥೆಗಳು ಇದಕ್ಕೆ ಹೊರತೆಂದು ಹೇಳುವ ಧೈರ್ಯ ನಮಗಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಂಥ ವಿದ್ಯಾರ್ಥಿಗಳಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಮೊದಲಾದ ರಿಯಾಯಿತಿಗಳಿವೆ. ಅವನ್ನು ಕೇಳಿ ಪಡೆಯುವ ಮುಖ್ಯೋಪಾಧ್ಯಾಯರು ಫಲಕವಿಲ್ಲದೆಯೂ ಗೌರವಾರ್ಹರು.

ಪ್ರಥಮ ಪರಮಪ್ರಸಾದದ ಪ್ರಶ್ನೆಯೂ ಕೆಲವು ಮನೆಗಳಲ್ಲಿದೆ. ಮಗುವಿಗೆ ಧರ್ಮೋಪದೇಶದ ಪಾಠ ಒಪ್ಪಿಸಲು ಬರುವುದಿಲ್ಲ, ಬಲಿಪೂಜೆಯ ನಡುವೆ ಕೂಗುತ್ತದೆ ಎಂಬ ಕಾರಣಕ್ಕೆ ತಂದೆತಾಯಿಗಳೇ ಕೇಳಲು ನಾಚುತ್ತಾರೆ. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶ ಮಾರ್ಗದರ್ಶಿಯು ತೀವ್ರ ನ್ಯೂನತೆಯಿದ್ದರೂ ಇವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸಲಾಗದೆಂದು ಸ್ಪಷ್ಟಪಡಿಸಿದೆ. ಹೋಗಿ ಧರ್ಮಗುರುಗಳನ್ನು ಕೇಳಬೇಕು. ಕೂಗಿದರೆ ಕೂಗಲಿ; ಮುಂದಿನ ಸಾಲಿನವರು ಒಮ್ಮೆ ತಿರುಗಿ ನೋಡಿ ಮತ್ತೆ ಪ್ರಾರ್ಥನೆಗೆ ಮರಳುತ್ತಾರೆ.

ಕೊನೆಗೆ, ಇಂಥ ಮಕ್ಕಳ ತಾಯಂದಿರು ರಾತ್ರಿ ನಿದ್ದೆಗೆಟ್ಟು ಕೇಳಿಕೊಳ್ಳುವ ಪ್ರಶ್ನೆ: ನಮ್ಮ ನಂತರ ಯಾರು? ಮಗುವಿಗೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳೂ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲವೆಂಬುದು ಬಹುಜನರಿಗೆ ತಿಳಿಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ನ್ಯೂನತೆಗಳಿರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯು ಪೋಷಕರನ್ನು ನೇಮಿಸುತ್ತದೆ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸಾ ವೆಚ್ಚಕ್ಕೆ ಅವಕಾಶವಿದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಮೊದಲು, ತಂದೆ ಗಟ್ಟಿಯಾಗಿರುವಾಗಲೇ, ಮಗುವಿನ ಪಾಲನ್ನು ಬರೆಹದಲ್ಲಿ ಬೇರೆ ಇರಿಸಿ ಈ ಸಮಿತಿಗೆ ಅರ್ಜಿ ಸಲ್ಲಿಸುವುದು ಕ್ಷೇಮ. ಯಾರನ್ನು ಪೋಷಕರನ್ನಾಗಿ ಹೆಸರಿಸಬೇಕೆಂದು ಮನೆಯಲ್ಲಿ ಚರ್ಚಿಸುವಾಗ ಆ ಮಗುವೂ ಅಲ್ಲಿ ಕುಳಿತಿರಲಿ. ಅದು ಯಾರ ಕೈಯಿಂದ ನಗುತ್ತಾ ಉಣ್ಣುತ್ತದೆಂಬುದು ಮನೆಯವರಿಗೆಲ್ಲ ತಿಳಿದೇ ಇರುತ್ತದೆ.